ತಲೆಬರಹ ಒಂದು, ತಲೆಯೊಳಗೆ ಇನ್ನೊಂದು

ಮೆಡಿಕಲ್ ಕೋಡಿಂಗ್ ಬಗ್ಗೆ ಏನಾದರೂ ಕೇಳಬೇಕಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪ್ರಶ್ನೆಗಳಲ್ಲಿ ಜಾಸ್ತಿ ತಲೆ ಆಪರೇಷನ್ನಿನವೇ! ಹಾಗಾಗಿ ಈ ಸಲ ಪೂರ್ತಿ ಬುರುಡೆ, ಮೆದುಳು. ಹೊಸ ಓದುಗರಿಗೆ ಎರಡೇ ಮಾತು. ಅಮೆರಿಕದ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿದ ಮೇಲೆ ಡಾಕ್ಟರು ಒಂದು ವರದಿ ಬರೆಯುತ್ತಾರೆ, ನಾವು ಅದಕ್ಕೆ ಆಪ್ ನೋಟ್ ಎನ್ನುತ್ತೇವೆ. ಅದನ್ನು ಓದಿ ಕಾಯಿಲೆಗೆ ಐಸಿಡಿ-10 ಕೋಡು, ಡಾಕ್ಟರು ಮಾಡಿದ ಕೆಲಸಕ್ಕೆ ಸಿಪಿಟಿ ಕೋಡು ಹಾಕುವುದು ಕೋಡರ್ ಕೆಲಸ. ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡುವುದು ಆ ಕೋಡು ನೋಡಿ. ಬೆಂಗಳೂರು, ಚೆನ್ನೈ, ಹೈದರಾಬಾದಿನಲ್ಲಿ ಕೂತು ಈ ಕೆಲಸ ಮಾಡುವವರು ಸಾವಿರಾರು ಮಂದಿ ಇದ್ದಾರೆ, ನಾನೂ ಅವರಲ್ಲೊಬ್ಬಳು.

ಪ್ರಶ್ನೆ: ಮೇಡಂ, ಸರ್ಜರಿ ಕೋಡಿಂಗ್‌ಗೆ ಬಂದು ಆರು ತಿಂಗಳಾಯಿತು. ಆಪ್ ನೋಟ್ ಮೇಲೆ ‘ಎಡಗಡೆ ಕ್ರೇನಿಯಾಟಮಿ, ಸಬ್‌ಡ್ಯೂರಲ್ ಹೆಮಟೋಮಾ ತೆಗೆದಿದ್ದು’ (ಡ್ಯೂರಾ ಎಂಬ ಮೆದುಳಿನ ಹೊರಪೊರೆಯ ಕೆಳಗೆ ಸೇರಿದ ರಕ್ತ) ಅಂತ ದಪ್ಪ ಅಕ್ಷರದಲ್ಲಿ ಇತ್ತು. ನಾನು 61312 ಹಾಕಿದೆ. ಆಡಿಟರ್ 61154 ಅಂತ ತಿದ್ದಿ ನನಗೆ ಎರರ್ ಕೊಟ್ಟಿದ್ದಾರೆ. ಡಾಕ್ಟರೇ ಕ್ರೇನಿಯಾಟಮಿ ಅಂತ ಬರೆದ ಮೇಲೆ ನನ್ನದೇನು ತಪ್ಪು?
— ಕೋಡರ್, ಬೆಂಗಳೂರು

ಉತ್ತರ: ನೀವು ಕಳಿಸಿದ ನೋಟಿನ ಒಳಭಾಗ ಓದಿದೆ (ಪೇಷೆಂಟ್ ಹೆಸರು ತೆಗೆದು ಕಳಿಸಿದ್ದೀರಿ, ಒಳ್ಳೆಯದು. ಆದರೂ ಮುಂದೆ ಕಳಿಸಬೇಡಿ, ಕೆಲಸ ಹೋಗುತ್ತದೆ). ಅದರಲ್ಲಿರುವುದು ಇಷ್ಟು: ಎರಡು ಬರ್ ಹೋಲ್ ಮಾಡಿದೆವು, ಡ್ಯೂರಾ ಸೀಳಿದೆವು, ಇಂಜಿನ್ ಆಯಿಲ್ ಬಣ್ಣದ ದ್ರವ ಚಿಮ್ಮಿ ಬಂತು, ತಿಳಿಯಾಗುವ ತನಕ ಸಲೈನ್ ಹಾಕಿ ತೊಳೆದೆವು, ಡ್ರೈನ್ ಇಟ್ಟು ಹೊಲಿದೆವು. ಮೂಳೆಯ ತುಂಡು ಎಬ್ಬಿಸಿದ ಮಾತು ಎಲ್ಲಿದೆ? ಇಲ್ಲ. ಹಾಗಾದರೆ ಅದು ಕ್ರೇನಿಯಾಟಮಿ ಅಲ್ಲ. ಆಡಿಟರ್ ಹಾಕಿದ ಬರ್ ಹೋಲ್ ಕೋಡು 61154 ಸರಿ.

ನಾನು ಟ್ರೇನಿಂಗಿನಲ್ಲಿ ಎಳನೀರಿನ ಉದಾಹರಣೆ ಕೊಡುತ್ತೇನೆ. ಸ್ಟ್ರಾ ಹಾಕಲು ತೂತು ಮಾಡಿದರೆ ಅದು ಬರ್ ಹೋಲ್. ಗಂಜಿ ತಿನ್ನಬೇಕು ಅಂತ ಮೇಲಿನ ಮುಚ್ಚಳವನ್ನೇ ಎತ್ತಿದರೆ ಕ್ರೇನಿಯಾಟಮಿ. ಎತ್ತಿದ ಮುಚ್ಚಳವನ್ನು ವಾಪಸ್ ಇಡದೆ ಹಾಗೇ ಬಿಟ್ಟರೆ ಕ್ರೇನಿಯೆಕ್ಟಮಿ. ಇನ್ನು ಐಸಿಯು ಮಂಚದ ಪಕ್ಕದಲ್ಲೇ ಸಣ್ಣ ಡ್ರಿಲ್ಲಿನಲ್ಲಿ ಕೊರೆದು ಸಬ್‌ಡ್ಯೂರಲ್ ರಕ್ತ ತೆಗೆದರೆ ಅದು ಟ್ವಿಸ್ಟ್ ಡ್ರಿಲ್, 61108. ರಕ್ತ ಅದೇ, ಜಾಗ ಅದೇ, ಬುರುಡೆ ತೆರೆದ ರೀತಿ ಬೇರೆ, ಕೋಡು ಬೇರೆ, ದುಡ್ಡಂತೂ ಬಹಳ ಬೇರೆ.

ಸಾಮಾನ್ಯವಾಗಿ ತಪ್ಪುವ ಜಾಗ ಇನ್ನೂ ಕೆಲವು ಇವೆ, ಹೇಳಿಬಿಡುತ್ತೇನೆ. ಒಂದೇ ಬದಿಯಲ್ಲಿ ಎರಡು ತೂತು ಇದ್ದರೆ 61154 ಎರಡು ಸಲ ಹಾಕುವಂತಿಲ್ಲ, ಆ ಕೋಡಿನ ವಿವರಣೆಯಲ್ಲೇ ಒಂದೋ ಹಲವೋ ಎಂದಿದೆ. ಎಡ, ಬಲ ಎರಡೂ ಕಡೆ ಮಾಡಿದ್ದರೆ ಮಾಡಿಫೈಯರ್ (ಕೋಡಿನ ಜೊತೆ ಸೇರಿಸುವ ಎರಡಂಕಿಯ ಗುರುತು) 50. ಬರ್ ಹೋಲಿನಿಂದ ಶುರು ಮಾಡಿ, ರಕ್ತ ಗಟ್ಟಿಯಾಗಿದೆ ಅಂತ ಆ ತೂತುಗಳನ್ನು ಸೇರಿಸಿ ಕೊಯ್ದು ಮೂಳೆ ಎಬ್ಬಿಸಿದರೆ ಕ್ರೇನಿಯಾಟಮಿ ಮಾತ್ರ, ತೂತಿಗೆ ಬೇರೆ ದುಡ್ಡಿಲ್ಲ, ಬಾಗಿಲು ಮಾಡಿಸಿದವರು ಚಿಲಕದ ತೂತಿಗೆ ಬೇರೆ ಬಿಲ್ ಕೊಡುತ್ತಾರಾ! ರಕ್ತ ಮೆದುಳಿನ ಹೊರಗೆ ಡ್ಯೂರಾ ಹತ್ತಿರ ಇದ್ದರೆ 61312, ಮೆದುಳಿನ ಒಳಗೇ ಇದ್ದರೆ 61313. ಅದೇ ಕೆಲಸ ತಲೆಯ ಹಿಂದೆ ಕೆಳಗೆ, ಸೆರೆಬೆಲ್ಲಮ್ (ಕಿರುಮೆದುಳು) ಇರುವ ಕಡೆ ಆದರೆ 61314, 61315.

ಮೂಳೆ ವಾಪಸ್ ಇಡಲಿಲ್ಲ ಅಂದ ಮಾತ್ರಕ್ಕೆ ಅದು 61322 ಆಗುವುದಿಲ್ಲ. ಮೆದುಳು ಊದಿಕೊಂಡಿದೆ, ಒಳಗಿನ ಒತ್ತಡ ಇಳಿಯಬೇಕು, ಅದಕ್ಕಾಗಿಯೇ ಬುರುಡೆ ತೆರೆದೆವು ಎಂದಿದ್ದರೆ ಮಾತ್ರ ಆ ಕೋಡು. ಯಾಕೆ ತೆರೆದರು ಎನ್ನುವುದನ್ನು ಹುಡುಕಿ. ಹಾಗೇ ನೋಟಿನ ಕೊನೆಯ ಸಾಲುಗಳನ್ನೂ ಬಿಡಬೇಡಿ. ತೆಗೆದ ಮೂಳೆಯನ್ನು ಕೆಡದಿರಲಿ ಅಂತ ಕೆಲವು ಸಲ ರೋಗಿಯ ಹೊಟ್ಟೆಯ ಚರ್ಮದ ಕೆಳಗೇ ಹೂತಿಡುತ್ತಾರೆ. ನಾನು ಮೊದಲ ಸಲ ಓದಿದಾಗ ಬೇರೆ ಪೇಷೆಂಟಿನ ನೋಟು ಸೇರಿಕೊಂಡಿದೆ ಅಂದುಕೊಂಡಿದ್ದೆ! ಅದಕ್ಕೆ ಆಡ್-ಆನ್ ಕೋಡು (ಮುಖ್ಯ ಕೋಡಿನ ಜೊತೆ ಮಾತ್ರ ಹಾಕುವಂಥದ್ದು) 61316. ತಿಂಗಳುಗಳಾದ ಮೇಲೆ ಅಲ್ಲಿಂದ ತೆಗೆದು ಬುರುಡೆಗೆ ಹಾಕಿದಾಗ ತೆಗೆದಿದ್ದಕ್ಕೆ 62148, ಹಾಕಿದ್ದಕ್ಕೆ 62143. ಇದು ಮೊದಲ ಆಪರೇಷನ್ನಿನ 90 ದಿನದ ಒಳಗೆ ಬಿದ್ದರೆ ಮಾಡಿಫೈಯರ್ 58 ಬೇಕು, ಮೊದಲೇ ಯೋಚಿಸಿದ್ದ ಎರಡನೇ ಹಂತ ಇದು ಅಂತ ತಿಳಿಸಲು. ಅದೇ 90 ದಿನದಲ್ಲಿ ರಕ್ತ ಮತ್ತೆ ತುಂಬಿ ಅಚಾನಕ್ಕಾಗಿ ಥಿಯೇಟರಿಗೆ ಒಯ್ದರೆ 78.

ಪ್ರಶ್ನೆ: ಅನ್ಯೂರಿಸಂ ಕ್ಲಿಪ್ಪಿಂಗ್ ಕೇಸು. ಡಾಕ್ಟರು ‘ತುಂಬಾ ಕಷ್ಟದ ಕೇಸು, ಆರೂವರೆ ಗಂಟೆ ಹಿಡಿಯಿತು’ ಅಂತ ಬರೆದಿದ್ದಾರೆ. ಕಾಂಪ್ಲೆಕ್ಸ್ ಕೋಡು ಹಾಕಬಹುದಲ್ವಾ?
— ಮೈಸೂರು

ಉತ್ತರ: ಅಷ್ಟು ಮಾತ್ರಕ್ಕೆ ಇಲ್ಲ. ಅನ್ಯೂರಿಸಂ ಎಂದರೆ ರಕ್ತನಾಳ ಒಂದು ಕಡೆ ಬಲೂನಿನ ಹಾಗೆ ಊದಿಕೊಳ್ಳುವುದು, ಆ ಬಲೂನಿನ ಕತ್ತಿಗೆ ಕ್ಲಿಪ್ ಹಾಕಿ ಮುಚ್ಚುವುದು ಕ್ಲಿಪ್ಪಿಂಗ್. ಸಿಪಿಟಿ ಪುಸ್ತಕದಲ್ಲಿ ‘ಕಾಂಪ್ಲೆಕ್ಸ್’ ಅನ್ನುವುದಕ್ಕೆ ತನ್ನದೇ ಲೆಕ್ಕ ಇದೆ: ಊತ 15 ಮಿ.ಮೀ.ಗಿಂತ ದೊಡ್ಡದಿರಬೇಕು, ಇಲ್ಲವೇ ಅದರ ಕತ್ತಿನಲ್ಲಿ ಸುಣ್ಣ ಕಟ್ಟಿರಬೇಕು, ಇಲ್ಲವೇ ಒಳ್ಳೆಯ ರಕ್ತನಾಳವೂ ಕತ್ತಿನೊಳಗೆ ಸೇರಿಕೊಂಡಿರಬೇಕು, ಅದೂ ಇಲ್ಲವೆಂದರೆ ಆಪರೇಷನ್ನಿನಲ್ಲಿ ರಕ್ತನಾಳವನ್ನು ಸ್ವಲ್ಪ ಹೊತ್ತು ಮುಚ್ಚಬೇಕಾಗಿ ಬಂದಿರಬೇಕು, ಎರಡೂ ಕಡೆಯಿಂದ ಕಟ್ಟಿರಬೇಕು ಅಥವಾ ಹಾರ್ಟ್-ಲಂಗ್ ಮೆಷಿನ್ ಹಾಕಿರಬೇಕು. ಇದರಲ್ಲಿ ಒಂದು ಸಿಕ್ಕರೆ ಸಾಕು.

ಈಗ ನೋಟನ್ನು ಇನ್ನೊಮ್ಮೆ ಓದಿ. ನಡುವೆ ಎಲ್ಲೋ ‘ಟೆಂಪರರಿ ಕ್ಲಿಪ್ ಹಾಕಿ ನಾಲ್ಕು ನಿಮಿಷದ ನಂತರ ತೆಗೆದೆವು’ ಅಂತ ಒಂದು ಸಾಲು ಇರುವ ಸಾಧ್ಯತೆ ಇದೆ. ಡಾಕ್ಟರಿಗೆ ಅದು ದಿನನಿತ್ಯದ ಮಾತು. ನಿಮಗೆ ಅದು ಸಾದಾ ಕೋಡು 61700 ಅಲ್ಲ, ಕಾಂಪ್ಲೆಕ್ಸ್ ಕೋಡು 61697. ಮೆದುಳಿಗೆ ಮುಂದಿನಿಂದ ರಕ್ತ ಒಯ್ಯುವ ಕೆರೋಟಿಡ್ ಕಡೆಯ ನಾಳಗಳಿಗೆ ಈ ಎರಡು, ಹಿಂದಿನ ವರ್ಟಿಬ್ರೋಬೇಸಿಲರ್ ಕಡೆಗೆ 61702 ಮತ್ತು 61698. ಕಾಯಿಲೆಯ ಕೋಡಿನಲ್ಲೂ ಎಚ್ಚರ ಬೇಕು, ಒಡೆದು ರಕ್ತ ಸೋರಿದ್ದರೆ ಐ60 ಗುಂಪು, ಒಡೆಯದೆ ಇದ್ದರೆ ಐ67.1. ಆರೂವರೆ ಗಂಟೆಗೆ ಮಾಡಿಫೈಯರ್ 22 ಕೇಳಬಹುದು ಅನ್ನಿ, ಆದರೆ ಯಾಕೆ ಅಷ್ಟು ಹೊತ್ತಾಯಿತು, ಮಾಮೂಲಿಗಿಂತ ಏನು ಜಾಸ್ತಿ ಕೆಲಸ ಆಯಿತು ಎನ್ನುವುದು ನೋಟಿನಲ್ಲೇ ಇರಬೇಕು. ಸುಮ್ನೆ ‘ಕಷ್ಟವಾಯಿತು’ ಅಂದರೆ ಇನ್ಶೂರೆನ್ಸ್‌ನವರ ಮನಸ್ಸು ಕರಗುವುದಿಲ್ಲ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಕೋಡರ್ ಅಲ್ಲ. ಹಾಸನದಿಂದ ಬಂದಿದ್ದ ಅಪ್ಪ ಹಿಮದಲ್ಲಿ ಜಾರಿ ಬಿದ್ದರು. ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಮಾತು ತೊದಲಿತು, ಸಬ್‌ಡ್ಯೂರಲ್ ಅಂತ ಆಪರೇಷನ್ ಆಯಿತು, ಈಗ ಆರಾಮಾಗಿದ್ದಾರೆ. ವಿಸಿಟರ್ ಇನ್ಶೂರೆನ್ಸ್‌ನವರು ಮಾತ್ರ ಇದು ಅಪಘಾತ ಅಲ್ಲ, ಹಳೆಯ ಕಾಯಿಲೆ ಅನ್ನುತ್ತಿದ್ದಾರೆ. ಆಸ್ಪತ್ರೆಯ ಬಿಲ್ಲಿನ ಕೋಡಿಗೂ ಸರ್ಜನ್ ಬಿಲ್ಲಿನ ಕೋಡಿಗೂ ತಾಳೆಯೇ ಇಲ್ಲ. ಮೋಸವಾ?

ಉತ್ತರ: ಅಪ್ಪ ಚೇತರಿಸಿಕೊಂಡಿದ್ದು ಕೇಳಿ ಸಮಾಧಾನವಾಯಿತು. ಎರಡು ಬಿಲ್ಲಿನ ವಿಷಯ ಮೊದಲು ಮುಗಿಸುತ್ತೇನೆ. ಅದು ಮೋಸವಲ್ಲ. ಅಲ್ಲಿ ಸರ್ಜನ್ನರು ತಮ್ಮ ಕೆಲಸಕ್ಕೆ ಸಿಪಿಟಿ ಕೋಡಿನಲ್ಲಿ ಬಿಲ್ ಮಾಡುತ್ತಾರೆ. ಒಳರೋಗಿಯಾಗಿ ಇಟ್ಟುಕೊಂಡ ಆಸ್ಪತ್ರೆ ಅದೇ ಆಪರೇಷನ್ನಿಗೆ ಐಸಿಡಿ-10-ಪಿಸಿಎಸ್ ಎಂಬ ಏಳು ಅಕ್ಷರದ ಬೇರೆ ಕೋಡು ಹಾಕುತ್ತದೆ. ಒಂದೇ ಕೆಲಸ, ಎರಡು ಭಾಷೆ. ಪಿಸಿಎಸ್ ಎಷ್ಟು ಸೂಕ್ಷ್ಮ ಅಂದರೆ, ಒಳಗಿದ್ದ ರಕ್ತ ನೀರಾಗಿದ್ದರೆ ‘ಡ್ರೈನೇಜ್’, ಹೆಪ್ಪುಗಟ್ಟಿ ಗಟ್ಟಿಯಾಗಿದ್ದರೆ ‘ಎಕ್ಸ್‌ಟರ್ಪೇಶನ್’, ಕೋಡಿನ ಮೂರನೇ ಅಕ್ಷರವೇ ಬದಲಾಗುತ್ತದೆ.

ಈಗ ನಿಜವಾದ ಗಂಟು. ಬಿಲ್ಲಿನಲ್ಲಿ ಕಾಯಿಲೆಯ ಕೋಡು ಹುಡುಕಿ. ಪೆಟ್ಟಿನಿಂದ ಆದ ಸಬ್‌ಡ್ಯೂರಲ್‌ಗೆ ಎಸ್06.5 ಗುಂಪು. ಪೆಟ್ಟಿಲ್ಲದೆ ತಾನಾಗಿ ಆದ ಹಳೆಯ ಸಬ್‌ಡ್ಯೂರಲ್‌ಗೆ ಐ62.03. ನಿಮ್ಮದರಲ್ಲಿ ಎರಡನೆಯದಿದೆ ಅಂತ ನನ್ನ ಊಹೆ. ಹೀಗಾಗುವುದು ಹೇಗೆ ಗೊತ್ತಾ? ಡಾಕ್ಟರು ‘ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ’ ಅಂತ ಬರೆದು ಮುಗಿಸುತ್ತಾರೆ. ‘ಬಿದ್ದಿದ್ದರಿಂದ’ ಎಂಬ ಪದ ಬಿಟ್ಟುಹೋಗುತ್ತದೆ. ನೋಟಿನಲ್ಲಿ ಪೆಟ್ಟಿನ ಮಾತು ಇಲ್ಲದಿದ್ದರೆ ಕೋಡರ್ ಕೈ ಐ62ಕ್ಕೆ ಹೋಗಿಬಿಡಬಹುದು. ಕೋಡರ್ ತಾನಾಗಿ ಪೆಟ್ಟು ಸೇರಿಸುವಂತಿಲ್ಲ. ಇಲ್ಲಿ ‘ಕ್ರಾನಿಕ್’ ಅಂದರೆ ವರ್ಷಗಟ್ಟಲೆ ಹಳೆಯ ರೋಗ ಅಂತಲೂ ಅಲ್ಲ, ವಾರಗಳ ಹಿಂದಿನ ರಕ್ತ ಅಂತ ಅಷ್ಟೇ. ವಯಸ್ಸಾದ ಮೇಲೆ ಮೆದುಳು ಸ್ವಲ್ಪ ಕುಗ್ಗುತ್ತದೆ, ಡ್ಯೂರಾಕ್ಕೂ ಮೆದುಳಿಗೂ ನಡುವಿನ ಸಣ್ಣ ನಾಳಗಳು ಎಳೆದುಕೊಂಡಿರುತ್ತವೆ, ಒಂದು ಸಣ್ಣ ಪೆಟ್ಟಿಗೇ ಹರಿದು ನಿಧಾನವಾಗಿ ಸೋರುತ್ತವೆ. ಮೂರು ವಾರ ಸುಮ್ಮನಿದ್ದು ಆಮೇಲೆ ತೊದಲಿದ್ದು ಅದಕ್ಕೇ.

ನೀವು ಮಾಡಬೇಕಾದ್ದು: ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಅಪ್ಪನ ಸಹಿ ಇರುವ ಅರ್ಜಿ ಕೊಟ್ಟು ಆಪ್ ನೋಟ್, ಅಡ್ಮಿಷನ್ ನೋಟ್, ಸಿಟಿ ವರದಿ ಕೇಳಿ. ಹಿಪಾ ಎಂಬ ಅಮೆರಿಕದ ವೈದ್ಯಕೀಯ ಮಾಹಿತಿ ಕಾನೂನಿನ ಪ್ರಕಾರ ಸಾಮಾನ್ಯವಾಗಿ 30 ದಿನದೊಳಗೆ ಕೊಡಬೇಕು. ಅಡ್ಮಿಷನ್ ನೋಟಿನಲ್ಲಿ ಬಿದ್ದ ವಿಷಯ ಸಾಮಾನ್ಯವಾಗಿ ಇರುತ್ತದೆ, ಎಮರ್ಜೆನ್ಸಿಯಲ್ಲಿ ಮೊದಲು ಕೇಳುವುದೇ ಅದು. ಅದನ್ನು ಹಿಡಿದು ಸರ್ಜನ್ ಆಫೀಸಿಗೆ ಬರೆಯಿರಿ: ಬಿದ್ದಿದ್ದಕ್ಕೂ ಇದಕ್ಕೂ ಸಂಬಂಧ ಇದೆಯೇ, ಇದ್ದರೆ ನೋಟಿಗೆ ಅಡೆಂಡಮ್ (ಆಮೇಲೆ ಸೇರಿಸುವ ಟಿಪ್ಪಣಿ) ಬರೆಯುತ್ತೀರಾ ಅಂತ. ಸಂಬಂಧ ಇದೆ ಅಂತ ಬರೆದರೆ ಕೋಡು ಎಸ್06.5ಕ್ಕೆ ಬದಲಾಗುತ್ತದೆ, ಜೊತೆಗೆ ಹಿಮದಲ್ಲಿ ಜಾರಿ ಬಿದ್ದದ್ದಕ್ಕೇ ಡಬ್ಲ್ಯೂ00 ಅಂತ ಒಂದು ಕೋಡು ಇದೆ, ಅದೂ ಸೇರುತ್ತದೆ. ತಿದ್ದಿದ ಕ್ಲೇಮ್ ಮತ್ತೆ ಕಳಿಸುತ್ತಾರೆ. ‘ಹೀಗೇ ಬರೆಯಿರಿ’ ಅಂತ ಡಾಕ್ಟರಿಗೆ ಒತ್ತಾಯ ಮಾತ್ರ ಬೇಡ. ಕೇಳುವುದು ನಿಮ್ಮ ಹಕ್ಕು, ಉತ್ತರ ಅವರದ್ದು. ಇನ್ನೊಂದು, ಅಪ್ಪ ರಕ್ತ ತೆಳು ಮಾಡುವ ಮಾತ್ರೆ ತಗೋತಿದ್ದರೆ ಇನ್ಶೂರೆನ್ಸ್‌ನವರು ಅದನ್ನೂ ಹಿಡಿದುಕೊಳ್ಳಬಹುದು, ಪಾಲಿಸಿಯ ಸಣ್ಣ ಅಕ್ಷರ ಮೊದಲೇ ಓದಿಕೊಂಡಿರಿ.

ಪ್ರಶ್ನೆ: ಸ್ಕಲ್ ಬೇಸ್ ಕೇಸುಗಳು ಅರ್ಥವೇ ಆಗುತ್ತಿಲ್ಲ. ಇಎನ್‌ಟಿ ಮತ್ತು ನ್ಯೂರೋ ಇಬ್ಬರೂ ಸೇರಿ ಮಾಡಿದರೆ ಯಾವಾಗಲೂ ಮಾಡಿಫೈಯರ್ 62 ಹಾಕು ಅಂತ ನಮ್ಮ ಟೀಮ್ ಲೀಡ್ ಹೇಳುತ್ತಾರೆ. ಸರಿಯಾ?
— ಮಂಗಳೂರು

ಉತ್ತರ: ‘ಯಾವಾಗಲೂ’ ಎಂಬ ಪದ ತಪ್ಪು. ಲೀಡ್ ಹತ್ತಿರ ಜಗಳ ಆಡಬೇಡಿ, ಇದನ್ನು ತೋರಿಸಿ.

ಬುರುಡೆಯ ತಳಭಾಗ ಅಂದರೆ ಮೆದುಳು ಕೂತಿರುವ ನೆಲ. ನರಗಳು, ರಕ್ತನಾಳಗಳು ಅದರ ತೂತುಗಳ ಮೂಲಕವೇ ಹೊರಗೆ ಹೋಗುತ್ತವೆ. ಅಲ್ಲಿ ಗಡ್ಡೆ ಇದ್ದರೆ ಮೇಲಿನಿಂದ ಮೆದುಳನ್ನು ಎತ್ತಿ ತಲುಪುವುದು ಅಪಾಯ. ಹಾಗಾಗಿ ಮುಖದ ಮೂಳೆ, ಕಣ್ಣಿನ ಗೂಡು, ಕಿವಿಯ ಹಿಂದಿನ ಮೂಳೆ ಹೀಗೆ ಪಕ್ಕದಿಂದ ಮೂಳೆ ಕೊರೆದು ದಾರಿ ಮಾಡಿಕೊಳ್ಳುತ್ತಾರೆ. ಆ ದಾರಿ ಮಾಡುವುದೇ ಅರ್ಧ ದಿನದ ಕೆಲಸ. ಅದಕ್ಕೇ ಸಿಪಿಟಿಯಲ್ಲಿ 61580ರಿಂದ 61619ರ ತನಕದ ಕೋಡುಗಳನ್ನು ಮೂರು ಪಾಲು ಮಾಡಿದ್ದಾರೆ: ದಾರಿ ಮಾಡಿದ್ದು, ಗಡ್ಡೆ ತೆಗೆದಿದ್ದು, ಆಮೇಲೆ ಮುಚ್ಚಿದ್ದು. ಬೆಂಗಳೂರಿನ ರಸ್ತೆ ನೆನಪಿಸಿಕೊಳ್ಳಿ, ಅಗೆಯುವವರು ಒಬ್ಬರು, ಪೈಪ್ ಹಾಕುವವರು ಇನ್ನೊಬ್ಬರು. (ಮುಚ್ಚುವವರು ಯಾರು ಅಂತ ಕೇಳಬೇಡಿ.)

ಇಎನ್‌ಟಿಯವರು ದಾರಿ ಮಾಡಿದರು, ನ್ಯೂರೋದವರು ಗಡ್ಡೆ ತೆಗೆದರು ಅಂದರೆ ಇಬ್ಬರೂ ತಮ್ಮ ತಮ್ಮ ಕೋಡು ಹಾಕಿಕೊಳ್ಳುತ್ತಾರೆ. 62 ಬೇಡವೇ ಬೇಡ. ಒಬ್ಬರೇ ಎರಡನ್ನೂ ಮಾಡಿದರೆ ಎರಡೂ ಕೋಡು ಅವರಿಗೇ, ಎರಡನೆಯದಕ್ಕೆ ಮಾಡಿಫೈಯರ್ 51. ಒಂದೇ ಕೋಡಿನ ಕೆಲಸವನ್ನು ಇಬ್ಬರು ಹಂಚಿಕೊಂಡಾಗ ಮಾತ್ರ 62. ಉದಾಹರಣೆಗೆ ಕಿವಿಯ ನರದ ಗಡ್ಡೆಯನ್ನು ಕಿವಿ ಮೂಳೆಯ ಮೂಲಕ ತೆಗೆಯುವ 61526, ಅದರಲ್ಲಿ ಮೂಳೆ ಕೊರೆಯುವುದೂ ಗಡ್ಡೆ ತೆಗೆಯುವುದೂ ಒಂದೇ ಕೋಡಿನೊಳಗೆ ಇದೆ. ಇಬ್ಬರೂ ಅದೇ ನಂಬರಿಗೆ 62 ಸೇರಿಸಿ ಕಳಿಸಬೇಕು, ಮೆಡಿಕೇರ್ (ಅಮೆರಿಕದ ಸರ್ಕಾರಿ ವಿಮೆ) ಆಗ ಒಬ್ಬೊಬ್ಬರಿಗೆ 62.5% ಕೊಡುತ್ತದೆ. ಇಬ್ಬರೂ ಬೇರೆ ಬೇರೆ ಆಪ್ ನೋಟ್ ಬರೆದಿರಬೇಕು. ಒಬ್ಬರು 62 ಹಾಕಿ ಇನ್ನೊಬ್ಬರು ಮರೆತರೆ ಮೊದಲು ಬಂದ ಕ್ಲೇಮಿಗೆ ದುಡ್ಡು ಹೋಗಿ ಎರಡನೆಯದು ನಿಂತುಬಿಡುತ್ತದೆ. ಇದನ್ನು ಬಿಡಿಸಲು ನಾನು ತಿಂಗಳುಗಟ್ಟಲೆ ಒದ್ದಾಡಿದ್ದೇನೆ.

ದಾರಿಯ ಕೋಡು ಹಾಕುವ ಮೊದಲು ಅಲ್ಲಿ ಹೇಳಿದ ಮೂಳೆ ನಿಜಕ್ಕೂ ಕೊಯ್ದಿದ್ದಾರಾ ನೋಡಿ. 61592ಕ್ಕೆ ಕೆನ್ನೆಯ ಮೇಲಿನ ಜೈಗೋಮಾ ಮೂಳೆ ಕೊಯ್ದಿರಬೇಕು. ಮಾಮೂಲಿ ಟೆರಿಯಾನಲ್ (ಕಣತಲೆ ಕಡೆಯ) ಕ್ರೇನಿಯಾಟಮಿ ಮಾಡಿ ಮೆನಿಂಜಿಯೋಮಾ (ಮೆದುಳಿನ ಪೊರೆಯ ಗಡ್ಡೆ) ತೆಗೆದರೆ ಅದು 61512, ಗಡ್ಡೆ ತಳದ ಹತ್ತಿರ ಇತ್ತು ಅನ್ನುವ ಕಾರಣಕ್ಕೆ ಸ್ಕಲ್ ಬೇಸ್ ಆಗಿಬಿಡುವುದಿಲ್ಲ. ಗಡ್ಡೆ ತೆಗೆಯುವ ಕೋಡುಗಳು ಜೋಡಿ ಜೋಡಿಯಾಗಿವೆ, ಡ್ಯೂರಾದ ಹೊರಗೊಂದು, ಒಳಗೊಂದು: 61600-61601, 61607-61608, 61615-61616. ಡ್ಯೂರಾ ಒಳಗಿನ ಕೋಡಿನಲ್ಲಿ ಅದನ್ನು ಹೊಲಿದು ಮುಚ್ಚುವುದೂ ಸೇರಿದೆ, ಹಾಗಾಗಿ ಅದೇ ದಿನ 61618 ಸೇರಿಸಬೇಡಿ. ಅದು ಆಮೇಲೆ ಮೆದುಳಿನ ನೀರು ಸೋರಿ ಮತ್ತೆ ಒಳಗೆ ಹೋದಾಗಿನದು. ನ್ಯಾವಿಗೇಶನ್ (ಕಂಪ್ಯೂಟರ್ ದಾರಿ ತೋರಿಸುವ ವ್ಯವಸ್ಥೆ) ಬಳಸಿದ್ದರೆ ಡ್ಯೂರಾ ಒಳಗಿನದಕ್ಕೆ 61781, ಹೊರಗಿನದಕ್ಕೆ 61782, ಎರಡರಲ್ಲಿ ಒಂದು. ಮೂಗಿನ ಮೂಲಕ ಎಂಡೋಸ್ಕೋಪಿನಲ್ಲಿ ಪಿಟ್ಯುಟರಿ ಗಡ್ಡೆ ತೆಗೆದರೆ 62165. ಅದೇ ಮೂಗಿನ ದಾರಿಯಲ್ಲಿ ಮುಂದೆ ಹೋಗಿ ಬುರುಡೆ ತಳದ ಕ್ಲೈವಸ್ ಎಂಬ ಮೂಳೆಯ ಗಡ್ಡೆ ತೆಗೆದರೆ? ಮೇಲಿನ ಸ್ಕಲ್ ಬೇಸ್ ಕೋಡುಗಳು ತೆರೆದ ಆಪರೇಷನ್ನಿಗೆ ಬರೆದವು. ಸರಿಹೊಂದುವ ಕೋಡು ಇಲ್ಲದಾಗ 64999 ಹಾಕಿ, ಯಾವ ಕೋಡಿನ ಕೆಲಸಕ್ಕೆ ಸಮ ಎಂದು ಒಂದು ಪತ್ರ ಜೋಡಿಸಬೇಕು.

ಪ್ರಶ್ನೆ: ಆಸ್ಪತ್ರೆ ಒಳರೋಗಿ ಕೋಡಿಂಗ್ ಮಾಡುತ್ತೇನೆ. ಮೆನಿಂಜಿಯೋಮಾ ಕೇಸು, ಡಿ32.0. ಎಂಆರ್‌ಐ ವರದಿಯಲ್ಲಿ ಸುತ್ತ ಎಡೀಮಾ (ಊತ), 9 ಮಿ.ಮೀ. ಮಿಡ್‌ಲೈನ್ ಶಿಫ್ಟ್ (ಮೆದುಳು ನಡುಗೆರೆಯಿಂದ ಪಕ್ಕಕ್ಕೆ ಸರಿದಿರುವುದು) ಅಂತ ಸ್ಪಷ್ಟವಾಗಿದೆ. ಜಿ93.5 (ಮೆದುಳು ಒತ್ತಿಹೋಗಿರುವುದು), ಜಿ93.6 (ಮೆದುಳಿನ ಊತ) ಹಾಕಲಾ?

ಉತ್ತರ: ಹಾಕಬೇಡಿ. ರೇಡಿಯಾಲಜಿಸ್ಟ್ ಚಿತ್ರ ಓದಿದವರು, ಚಿಕಿತ್ಸೆ ಕೊಟ್ಟವರಲ್ಲ. ನೋಡುತ್ತಿರುವ ಡಾಕ್ಟರು ತಮ್ಮ ನೋಟಿನಲ್ಲಿ ‘ಸೆರೆಬ್ರಲ್ ಎಡೀಮಾ’ ಅಂತ ಬರೆಯುವ ತನಕ ಒಳರೋಗಿ ಕೋಡಿಂಗಿನಲ್ಲಿ ಅದು ಇಲ್ಲ. ಇವೆರಡೂ ಎಂಸಿಸಿ (ಗಂಭೀರ ತೊಡಕು) ಪಟ್ಟಿಯಲ್ಲಿವೆ, ಒಂದು ಸೇರಿದರೂ ಕೇಸು ಡಿಆರ್‌ಜಿ (ಆಸ್ಪತ್ರೆಗೆ ಎಷ್ಟು ದುಡ್ಡು ಎಂದು ಹೇಳುವ ಗುಂಪು) 27ರಿಂದ 25ಕ್ಕೆ ಹಾರುತ್ತದೆ, ಆಸ್ಪತ್ರೆಗೆ ಬರುವ ದುಡ್ಡು ತುಂಬಾ ಏರುತ್ತದೆ. ಆದ್ದರಿಂದಲೇ ಆಡಿಟ್‌ನವರ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ಡಾಕ್ಟರಿಗೆ ಕ್ವೆರಿ (ಲಿಖಿತ ಪ್ರಶ್ನೆ) ಕಳಿಸಿ. ಎಂಆರ್‌ಐಯಲ್ಲಿ ಹೀಗಿದೆ, ಡೆಕ್ಸಾಮೆಥಸೋನ್ (ಊತ ಇಳಿಸುವ ಔಷಧಿ) ಕೊಟ್ಟಿದ್ದೀರಿ, ಇದು ಯಾವ ಸ್ಥಿತಿಗೆ ಅಂತ ಕೇಳಿ, ‘ಬೇರೆ’, ‘ಹೇಳಲಾಗದು’ ಎಂಬ ಆಯ್ಕೆಗಳೂ ಇರಲಿ. ಹೊಸದರಲ್ಲಿ ನಾನು ‘ದಯವಿಟ್ಟು ಸೆರೆಬ್ರಲ್ ಎಡೀಮಾ ಅಂತ ಸೇರಿಸಿ’ ಎಂದು ಬರೆದು ಮ್ಯಾನೇಜರ್ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡಿದ್ದೆ. ಉತ್ತರವನ್ನು ನಾವೇ ಬಾಯಿಗೆ ಹಾಕುವಂತಿಲ್ಲ. ಅಂದ ಹಾಗೆ ನಿಮ್ಮದು ಗಡ್ಡೆಯ ಕೇಸು, ಸರಿ. ತಲೆಗೆ ಪೆಟ್ಟು ಬಿದ್ದು ಮೆದುಳು ಒತ್ತಿಹೋಗಿದ್ದರೆ ಜಿ93.5 ಅಲ್ಲ, ಎಸ್06.ಎ ಅಂತ 2021ರ ಅಕ್ಟೋಬರಿನಿಂದ ಬೇರೆ ಕೋಡು ಬಂದಿದೆ.

ಪ್ರಶ್ನೆ: ಬಿಎಸ್ಸಿ ಝೂವಾಲಜಿ ಮುಗಿಸಿದ್ದೇನೆ. ನೇರವಾಗಿ ನ್ಯೂರೋ ಸರ್ಜರಿ ಕೋಡಿಂಗ್‌ಗೆ ಸೇರಬಹುದಾ?
— ದಾವಣಗೆರೆ

ಉತ್ತರ: ನೇರವಾಗಿ ಕಷ್ಟ. ಹೊಸಬರಿಗೆ ಸಾಮಾನ್ಯವಾಗಿ ರೇಡಿಯಾಲಜಿ ಅಥವಾ ಎಮರ್ಜೆನ್ಸಿ ಕೊಡುತ್ತಾರೆ. ಸಿಪಿಸಿ ಎಂಬ ಕೋಡರ್ ಪರೀಕ್ಷೆ ಬರೆಯಿರಿ: 100 ಪ್ರಶ್ನೆ, 4 ಗಂಟೆ, 70% ಬಂದರೆ ಪಾಸು. ಪುಸ್ತಕ ನೋಡಿಯೇ ಬರೆಯಬಹುದು, ಆದರೆ ಹುಡುಕುತ್ತಾ ಕೂತರೆ ಟೈಮ್ ಸಾಲುವುದಿಲ್ಲ. ಅನುಭವ ಇಲ್ಲದವರಿಗೆ ಸರ್ಟಿಫಿಕೇಟಿನಲ್ಲಿ ಸಿಪಿಸಿ ಆದ ಮೇಲೆ ‘ಎ’ ಅಂತ ಅಪ್ರೆಂಟಿಸ್ ಗುರುತು ಇರುತ್ತದೆ, ಹೆದರಬೇಡಿ, ಅದು ಹೋಗುತ್ತದೆ. ಕೆಲಸ ಗ್ಯಾರಂಟಿ ಅಂತ ಹೇಳಿ ಲಕ್ಷ ಕೇಳುವ ಕೋಚಿಂಗಿಗೆ ಮಾತ್ರ ಹೋಗಬೇಡಿ. ನ್ಯೂರೋ ಆಸೆ ಇದ್ದರೆ ಈಗಿನಿಂದಲೇ ಬುರುಡೆಯ ಚಿತ್ರ ಬರೆದು ಕಲಿಯಿರಿ. ಟೆಂಟೋರಿಯಮ್ (ಮೆದುಳು, ಕಿರುಮೆದುಳಿನ ನಡುವಿನ ಪೊರೆ) ಎಲ್ಲಿದೆ, ಅದರ ಮೇಲೆ ಏನು, ಕೆಳಗೆ ಏನು ಅಂತ ಕಣ್ಣು ಮುಚ್ಚಿ ಹೇಳಲು ಬಂದರೆ ಈ ಅಧ್ಯಾಯದ ಅರ್ಧ ಕೋಡು ತಾನಾಗಿ ಬರುತ್ತವೆ. ಝೂವಾಲಜಿ ಓದಿದವರಿಗೆ ಅದೇನು ದೊಡ್ಡದಲ್ಲ.

ಪ್ರಶ್ನೆ: ನಮ್ಮ ಊರಿನ ಆಸ್ಪತ್ರೆಗಳಲ್ಲಿ ಈ ಕೋಡು ಇಲ್ವಾ?
— ಶಿವಮೊಗ್ಗ

ಉತ್ತರ: ಸಿಪಿಟಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಆಸ್ತಿ, 1966ರಿಂದ ಅವರೇ ಅಚ್ಚು ಹಾಕುತ್ತಾರೆ. ನಮ್ಮಲ್ಲಿ ಬಿಲ್ಲಿಗೆ ಅದು ನಡೆಯುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಪರೇಷನ್ನಿಗೆ ಇಷ್ಟು ಅಂತ ಪ್ಯಾಕೇಜ್ ದರ, ಪ್ಯಾಕೇಜಿಗೆ ತನ್ನದೇ ನಂಬರು. ಆದರೆ ನಿಮ್ಮ ಮನೆಯ ಹೆಲ್ತ್ ಇನ್ಶೂರೆನ್ಸ್ ಕ್ಲೇಮ್ ಫಾರಂ ಇದ್ದರೆ ಆಸ್ಪತ್ರೆಯವರು ತುಂಬುವ ಬಿ ಭಾಗ ತೆಗೆದು ನೋಡಿ. ಐಸಿಡಿ-10, ಐಸಿಡಿ-10-ಪಿಸಿಎಸ್ ಅಂತ ಎರಡು ಕಾಲಂ ಇರುತ್ತವೆ. ನಾನು ನೋಡಿದ ಫಾರಂಗಳಲ್ಲಿ ಎರಡನೆಯ ಕಾಲಂ ಖಾಲಿ ಬಿಟ್ಟಿದ್ದೇ ಜಾಸ್ತಿ.